ಅಂಬುಜಾ ಮಿಸ್ ಕಾಲೇಜು ಸೇರಿದ್ದು

ಜೀವನ್ ಬಿಮಾ ನಗರದ ನಾಲ್ಕು ಬೀದಿಗಳ ಮಕ್ಕಳಿಗೆ ಲೆಕ್ಕ ಅಂದರೆ ಅಂಬುಜಾ ಮಿಸ್. ಹಗಲು ಇಂದಿರಾನಗರದ ಶಾಲೆಯಲ್ಲಿ ಅವಳ ಪಾಠ, ಸಂಜೆ ಮನೆಯ ಹಜಾರದಲ್ಲಿ ಟ್ಯೂಷನ್. ತಪ್ಪು ಮಾಡಿದವರಿಗೆ ಬೈಗುಳವಿಲ್ಲ, ಸರಿ ಮಾಡಿದವರಿಗೆ ಅತಿಯಾದ ಹೊಗಳಿಕೆಯೂ ಇಲ್ಲ. "ಆಯ್ತಾ? ಮುಂದಿನದು ಮಾಡು" ಅನ್ನುವುದಷ್ಟೇ ಅವಳ ಮಾತು. ಹೈಸ್ಕೂಲಿನ ಮೂರು ತರಗತಿಗಳ ಗಣಿತ ಅವಳ ಕೈಯಲ್ಲೇ ಇತ್ತು. ಹಾಗಿದ್ದೂ ಒಂಬತ್ತು ವರ್ಷದಿಂದ ಶಾಲೆಯ ಕಡತದಲ್ಲಿ ಅವಳು 'ತಾತ್ಕಾಲಿಕ ಶಿಕ್ಷಕಿ'. ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಅರಸೀಕೆರೆಯಿಂದ ಬೆಂಗಳೂರಿಗೆ ಬಂದವಳು ಬಿ.ಎಡ್. ಮಾಡಿರಲಿಲ್ಲ. ಆಗ ಯಾರೂ ಮಾಡು ಅನ್ನಲಿಲ್ಲ, ಆಮೇಲೆ ಯಾರೂ ಯಾಕೆ ಮಾಡಲಿಲ್ಲ ಎಂದು ಕೇಳಲೂ ಇಲ್ಲ.

೧೯೯೯ರ ಏಪ್ರಿಲ್‌ನಲ್ಲಿ ಕೇಳುವ ಕಾಲ ಬಂತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕಟ್ಟಿ ಒಪ್ಪಿಸಲು ಹೋದವಳನ್ನು ಹೆಡ್‌ಮಿಸ್ಟ್ರೆಸ್ ಕೂರಿಸಿಕೊಂಡರು.

"ಅಂಬುಜಾ, ಇನ್‌ಸ್ಪೆಕ್ಷನ್‌ಗೆ ಬಂದವ್ರು ಪ್ರತಿ ಸಲ ನಿಮ್ಮ ಹೆಸರಿನ ಮೇಲೇ ಬೆರಳಿಡ್ತಾರೆ. ಬಿ.ಎಡ್. ಇಲ್ಲದವ್ರನ್ನ ಹೈಸ್ಕೂಲಿಗೆ ಹೇಗೆ ಹಾಕ್ಕೊಂಡ್ರಿ ಅಂತ. ಇನ್ಮೇಲೆ ಆಗಲ್ಲ ಅಂತ ಮ್ಯಾನೇಜ್‌ಮೆಂಟ್‌ನವ್ರು ಹೇಳ್ಬಿಟ್ರು."

"ಹಾಗಾದ್ರೆ ನನ್ನ ಗತಿ?"

"ಆಫೀಸಲ್ಲಿ ಒಂದು ಜಾಗ ಇದೆ. ಫೀಸ್ ಕಲೆಕ್ಷನ್ ನೋಡ್ಕೋಬಹುದು. ಸಂಬಳ ಹೆಚ್ಚುಕಮ್ಮಿ ಇಷ್ಟೇ ಬರುತ್ತೆ."

"ನಾನು ಬಿ.ಎಡ್. ಮಾಡ್ಕೊಂಡು ಬಂದ್ರೆ?"

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಂದ್ರೆ ಪರ್ಮನೆಂಟೇ. ಆದ್ರೆ ಈಗ, ಈ..." ಎಂದು ಶುರು ಮಾಡಿದವರ ಕಣ್ಣು ಅಂಬುಜಾಳ ಬೈತಲೆಯ ಪಕ್ಕದ ಬಿಳಿಕೂದಲಿನ ಮೇಲೆ ನಿಂತಿತು. ಮಾತು ಅಲ್ಲಿಗೇ ನಿಂತಿತು.

"ಒಂದು ವರ್ಷದ ಕೋರ್ಸು ತಾನೆ ಮೇಡಂ. ಅಲ್ಲೀವರೆಗೆ ನನ್ನ ಕ್ಲಾಸುಗಳನ್ನ ಯಾರಿಗಾದ್ರೂ ತಾತ್ಕಾಲಿಕವಾಗಿ ಕೊಟ್ಟಿರಿ," ಅಂದಳು ಅಂಬುಜಾ.

ಹೊರಗೆ ಬಂದು ನಡೆಯುವಾಗ ಅವಳಿಗೆ ತನ್ನ ಮಾತಿನ ಬಗ್ಗೆ ತನಗೇ ಆಶ್ಚರ್ಯವಾಯಿತು. ಆದರೆ ಮನೆ ಸೇರುವಷ್ಟರಲ್ಲಿ ಅದು ನಿರ್ಧಾರವೇ ಆಗಿಬಿಟ್ಟಿತ್ತು. ಫೀಸು ವಸೂಲಿ ಮಾಡುತ್ತಾ ಕೂರುವುದನ್ನು ಎಷ್ಟು ಸಲ ಊಹಿಸಿಕೊಂಡರೂ ಆ ಕುರ್ಚಿಯಲ್ಲಿ ತಾನು ಕಾಣಲಿಲ್ಲ. ಎಂಟನೇ ಕ್ಲಾಸಿನ ಕರಿಹಲಗೆಯ ಮುಂದೆಯೇ ಕಂಡಳು.

ಹಲಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಗುವುದು ಕಷ್ಟವಾಗಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಅಂಕಪಟ್ಟಿಯಲ್ಲಿ ಗಣಿತದ ಅಂಕ ಈಗಲೂ ಲಕಲಕ ಹೊಳೆಯುತ್ತಿತ್ತು. ಕಷ್ಟ ಇದ್ದದ್ದು ಫೀಸಿನಲ್ಲಿ. ಹದಿನೆಂಟು ಸಾವಿರ ರೂಪಾಯಿ, ಜೂನ್ ತಿಂಗಳ ಕೊನೆಯೊಳಗೆ, ಒಂದೇ ಕಂತಿನಲ್ಲಿ. ಆ ವರ್ಷ ಅವಳ ಸಂಬಳವೂ ಇರುವುದಿಲ್ಲ. ಗಂಡ ಶ್ರೀನಿವಾಸಮೂರ್ತಿ ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರು. ಅವರ ಸಂಬಳದಲ್ಲಿ ಮನೆಸಾಲದ ಕಂತು ಹೋಗಿ, ಡಿಗ್ರಿ ಓದುತ್ತಿದ್ದ ಮಗಳು ಮಧುರಾಳ ಖರ್ಚು ಹೋಗಿ, ತಿಂಗಳ ಕೊನೆಗೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಟ್ಯೂಷನ್ನಿನ ಉಳಿತಾಯದಿಂದ ಅವಳು ಅರ್ಧ ಹೊಂದಿಸಬಲ್ಲಳು, ಅದೂ ದೀಪಾವಳಿ ಹೊತ್ತಿಗೆ.

ಒಂದು ಭಾನುವಾರ ಊಟವಾದ ಮೇಲೆ, ಟೀವಿಯಲ್ಲಿ ವರ್ಲ್ಡ್‌ಕಪ್ ಪಂದ್ಯ ಶುರುವಾಗುವ ಮೊದಲು, ಅವಳು ಗಂಡನಿಗೆ ಹೇಳಿದಳು. "ರೀ, ಈ ಸಲ ಕಾಲೋನಿ ವಿದ್ಯಾನಿಧಿಗೆ ಒಂದು ಅರ್ಜಿ ಹಾಕೋಣ ಅಂತಿದೀನಿ."

"ಯಾರ ಪರವಾಗಿ?"

"ನನ್ನ ಪರವಾಗಿ."

ವಿದ್ಯಾನಿಧಿ ಎಂದರೆ ನಿವಾಸಿಗಳ ಸಂಘದ ನಿಧಿ. ಮಕ್ಕಳಿಲ್ಲದ ಒಬ್ಬ ನಿವೃತ್ತ ಅಧಿಕಾರಿ ತೀರಿಕೊಳ್ಳುವ ಮೊದಲು ಬ್ಯಾಂಕಿನಲ್ಲಿ ಇಟ್ಟುಹೋದ ಠೇವಣಿಯ ಬಡ್ಡಿಯಿಂದ ಪ್ರತಿ ಜೂನ್‌ನಲ್ಲಿ ಕಾಲೇಜು ಸೇರುವ ಕೆಲವರಿಗೆ ಫೀಸಿನ ಸಹಾಯ ಸಿಗುತ್ತಿತ್ತು. ಅದರ ಖಜಾಂಚಿ ಬೇರೆ ಯಾರೂ ಅಲ್ಲ, ಶ್ರೀನಿವಾಸಮೂರ್ತಿಯವರೇ. ನಿಯಮಗಳನ್ನು ಬರೆದವರೂ ಅವರೇ. ಆ ನಿಯಮಗಳ ವಿಷಯದಲ್ಲಿ ಅವರು ಎಷ್ಟು ಖಡಕ್ ಎಂದರೆ, ಎರಡು ವರ್ಷದ ಹಿಂದೆ ಪಕ್ಕದ ಬೀದಿಯ ಚಾಂದ್ ಪಾಷಾ ಮಗಳ ಅರ್ಜಿಯನ್ನು ಕೊನೆಯ ದಿನಾಂಕ ದಾಟಿದ ಮರುದಿನ ತಂದುಕೊಟ್ಟಾಗ, ಬಾಗಿಲಲ್ಲೇ ನಿಂತು, ಕಾಫಿ ಕುಡಿದು ಹೋಗಿ ಎಂದು ಹೇಳಿ, ಅರ್ಜಿ ಮಾತ್ರ ತೆಗೆದುಕೊಳ್ಳದೆ ಕಳಿಸಿದ್ದರು. ಹಲಸೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಚಾಂದ್ ಪಾಷಾ ಕಾಫಿಯನ್ನೂ ಕುಡಿಯದೆ ಹೋದರು. ಮರುವರ್ಷ ಆ ಹುಡುಗಿಗೆ ಸಹಾಯ ಸಿಕ್ಕಿತು. ಆದರೆ ಅದೇ ವರ್ಷ ಚಾಂದ್ ಪಾಷಾ ತಾವೂ ಸಮಿತಿಗೆ ಸೇರಿದರು, ಮೂರ್ತಿ ಎಲ್ಲರಿಗೂ ಒಂದೇ ತಕ್ಕಡಿ ಹಿಡಿಯುತ್ತಾರೋ ಇಲ್ಲವೋ ನೋಡಲಿಕ್ಕೆಂದೇ.

ಮೂರ್ತಿ ಟೀವಿಯ ಸದ್ದು ಪೂರ್ತಿ ಇಳಿಸಿದರು. "ಅಂಬು, ಅದು ಆಗೋ ಮಾತಲ್ಲ."

"ಯಾಕೆ?"

"ಅದಿರೋದು ಮಕ್ಕಳಿಗೆ."

"'ಮಕ್ಕಳಿಗೆ' ಅಂತ ಬರ್ದಿದೀರಾ? 'ಕಾಲೋನಿಯಲ್ಲಿ ವಾಸವಾಗಿರುವ, ಕಾಲೇಜಿನಲ್ಲಿ ಪ್ರವೇಶ ದೊರೆತ ವಿದ್ಯಾರ್ಥಿ' ಅಂತ ಬರ್ದಿದೀರ. ಆವತ್ತು ಬರೆದಾಗ ನನಗೇ ಓದಿ ಹೇಳಿದ್ರಿ, ಭಾಷೆ ಸರಿ ಇದ್ಯಾ ನೋಡು ಅಂತ."

ಒಳಗಿನ ಕೋಣೆಯಿಂದ ಮಧುರಾ ಇಣುಕಿ ನೋಡಿ, ಇದು ತನ್ನ ಜಗಳ ಅಲ್ಲವೆಂದು ಮತ್ತೆ ಒಳಗೆ ಹೋದಳು.

"ಜನ ಏನಂತಾರೆ? ಬೇರೆಯವ್ರಿಗೆ ರೂಲ್ಸು, ಹೆಂಡತಿಗೆ ದುಡ್ಡು ಅನ್ನಲ್ವಾ? ನಾನು ಕಮಿಟಿಯಲ್ಲಿ ಇರೋವರೆಗೂ ನೀನು ಹಾಕೋ ಹಾಗಿಲ್ಲ."

"ನೀವು ಆ ದಿನ ಕೋಣೆಯಿಂದ ಆಚೆ ಇರಿ. ನನ್ನ ಅರ್ಜಿ ನಿಮ್ಮ ಕೈಗೂ ಕೊಡಲ್ಲ, ಅಧ್ಯಕ್ಷರ ಕೈಗೆ ಕೊಡ್ತೀನಿ. ಅವ್ರು ಬೇಡ ಅಂದ್ರೆ ಬೇಡ. ನೀವೇ ಮೊದಲು ಬೇಡ ಅನ್ನೋದ್ಯಾಕೆ?"

ಮೂರ್ತಿ ಟೀವಿಯ ಸದ್ದು ಏರಿಸಿದರು. ಆ ದಿನ ಯಾರು ಗೆದ್ದರೆಂದು ಕೇಳಿದ್ದರೆ ಅವರಿಗೆ ಹೇಳಲಾಗುತ್ತಿರಲಿಲ್ಲ. ಮುಂದಿನ ಮೂರ್ನಾಲ್ಕು ದಿನ ಗಂಡ ಹೆಂಡಿರ ನಡುವೆ ಉಪ್ಪು ಕೊಡಿ, ನೀರು ಬಂತಾ, ಇಂಥ ಮಾತುಗಳಷ್ಟೇ ನಡೆದವು. ಅಂಬುಜಾ ಅರ್ಜಿಯನ್ನು ಅಧ್ಯಕ್ಷರ ಮನೆಗೆ ಕೊಟ್ಟುಬಂದಳು, ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ. ಆ ವಿಷಯದಲ್ಲಿ ಗಂಡನಿಗೆ ಯಾರ ಮುಂದೆಯೂ ತಲೆ ತಗ್ಗಿಸುವಂತಾಗಬಾರದು ಎಂಬುದು ಅವಳ ಪಟ್ಟು.

ಸಮಿತಿ ಸೇರಿದ್ದು ಜೂನ್‌ನ ಎರಡನೇ ಭಾನುವಾರ ಬೆಳಿಗ್ಗೆ, ಪಾರ್ಕಿನ ಮೂಲೆಯಲ್ಲಿದ್ದ ಸಂಘದ ಕೋಣೆಯಲ್ಲಿ. ಮೊದಲು ಮೂರು ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಅವರಲ್ಲಿ ಇಬ್ಬರು ಅಂಬುಜಾಳ ಹಳೆಯ ವಿದ್ಯಾರ್ಥಿಗಳೇ. ಹೊರಗಿನ ಬೆಂಚಿನಲ್ಲಿ ಕೂತಿದ್ದ ಮಿಸ್ಸನ್ನು ನೋಡಿ, ತಮಗೆ ಧೈರ್ಯ ಹೇಳಲು ಬಂದಿದ್ದಾರೆಂದುಕೊಂಡರು. "ಇಲ್ಲಪ್ಪ, ನಿಮ್ಮ ಹಿಂದಿನ ನಂಬರ್ ನಂದು," ಅಂದಾಗ ಹುಡುಗನೊಬ್ಬ ಬಾಯಿ ಬಿಟ್ಟುಕೊಂಡು ನಿಂತ.

ಅವಳ ಹೆಸರು ಕರೆದಾಗ ಮೂರ್ತಿ ಒಳಗಿನಿಂದ ಎದ್ದು ಬಂದರು. ಬಾಗಿಲಲ್ಲಿ ಇಬ್ಬರೂ ಎದುರಾದರು. ಮೂರ್ತಿ ಅವಳ ಸೆರಗಿಗೆ ಬೆಳಗಿನ ಟ್ಯೂಷನ್ನಿನಲ್ಲಿ ಅಂಟಿದ್ದ ಸೀಮೆಸುಣ್ಣದ ಪುಡಿಯನ್ನು ನೋಡಿ, ಕೈಯಿಂದ ಒರೆಸಿಕೋ ಎಂಬಂತೆ ಸನ್ನೆ ಮಾಡಿ, ಪಾರ್ಕಿನ ಕಡೆ ನಡೆದುಹೋದರು.

ಒಳಗೆ ಮೂವರಿದ್ದರು. ಅಧ್ಯಕ್ಷ ಭಗವಂತರಾಯರು ಕಲಬುರಗಿ ಕಡೆಯವರು, ಸಿ.ವಿ. ರಾಮನ್ ನಗರದ ಕಚೇರಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ಎಡಕ್ಕೆ ಅಕ್ತರ್ ಬೇಗಂ, ಶಿವಾಜಿನಗರದ ಆಸ್ಪತ್ರೆಯಲ್ಲಿ ಬಹುಕಾಲ ನರ್ಸಾಗಿದ್ದವರು. ಬಲಕ್ಕೆ ಚಾಂದ್ ಪಾಷಾ, ಕೈಕಟ್ಟಿಕೊಂಡು.

"ಬರ್ರಿ ಅಮ್ಮಾರೆ, ಕೂಡ್ರಿ," ಅಂದರು ಭಗವಂತರಾಯರು. "ನೀವು ಅರ್ಜಿ ಕೊಟ್ಟಾಗ ಮಗಳ ಸಲುವಾಗಿ ಇರಬೇಕು ಅಂದ್ಕೊಂಡಿದ್ದೆ ನೋಡ್ರಿ. ಒಳಗ ಹೋಗಿ ಕನ್ನಡಕ ಹಾಕ್ಕೊಂಡು ಓದಿದ ಮ್ಯಾಲೆ ತಿಳೀತು. ಈಗ ಯಾಕ್ರಿ ಬಿ.ಎಡ್.?"

ಅಂಬುಜಾ ಶಾಲೆಯ ವಿಷಯ ಹೇಳಿದಳು. ತನ್ನ ಕಷ್ಟ ಹೇಳಿಕೊಳ್ಳುವ ದನಿಯಲ್ಲಿ ಅಲ್ಲ. ಒಂದು ಲೆಕ್ಕದಲ್ಲಿ ಕೊಟ್ಟಿರುವುದೇನು, ಕಂಡುಹಿಡಿಯಬೇಕಾದ್ದೇನು ಎಂದು ಹೇಳುವ ಹಾಗೆ ಹೇಳಿದಳು.

"ರಿಟೈರ್ ಆಗ್ಲಿಕ್ಕೆ ಇನ್ನ ಎಷ್ಟು ವರ್ಷ ಅದಾವ್ರಿ ನಿಮಗ?"

"ಹದಿನೇಳು ಸರ್. ನಿಮ್ಮ ಸರ್ವಿಸ್ಸಿನ ಕೊನೆಯ ಹದಿನೇಳು ವರ್ಷ ತೆಗೆದುಹಾಕಿದ್ರೆ ಏನು ಉಳೀತಿತ್ತು ಹೇಳಿ."

ಭಗವಂತರಾಯರು ಯೋಚನೆ ಮಾಡಿದರು. "ಪ್ರಮೋಷನ್ ಎಲ್ಲಾ ಅದರಾಗೇ ಬಂದಾವ," ಎಂದು ಒಪ್ಪಿಕೊಂಡರು.

ಆ ಹೊತ್ತಿಗೆ ವಿಮಾನವೊಂದು ಹತ್ತಿರದ ನಿಲ್ದಾಣಕ್ಕೆ ತಲೆಯ ಮೇಲೇ ಇಳಿಯುತ್ತಾ ಹೋಯಿತು. ಆ ಕಾಲೋನಿಯ ಎಲ್ಲರಂತೆ ನಾಲ್ವರೂ ಮಾತು ನಿಲ್ಲಿಸಿ, ಸದ್ದು ಕಳೆಯುವವರೆಗೆ ಕಾದರು.

ಅಕ್ತರ್ ಬೇಗಂ ಕೇಳಿದರು. "ಅಂಬುಜಾ ಅವ್ರೆ, ಮೂರ್ತಿಯವ್ರಿಗೆ ಸಂಬಳ ಬರುತ್ತೆ. ಇನ್ನೂ ಕಷ್ಟದಲ್ಲಿರೋ ಮಕ್ಕಳಿಗೆ ಇದರಿಂದ ಕಮ್ಮಿ ಆದ್ರೆ?"

ಈ ಪ್ರಶ್ನೆಗೆ ಅವಳು ಮನೆಯಲ್ಲೇ ತಯಾರಾಗಿದ್ದಳು, ಏಕೆಂದರೆ ಇದನ್ನು ಅವಳು ತನಗೇ ಕೇಳಿಕೊಂಡಿದ್ದಳು. "ಆಗೋದಾದ್ರೆ ನನಗೆ ಬೇಡ. ಮೊದಲು ಆ ಮೂವರಿಗೂ ಕೇಳಿದಷ್ಟು ಕೊಟ್ಬಿಡಿ. ಮಿಕ್ಕಿದ್ರೆ ಕೊಡಿ. ನಾನು ಪೂರ್ತಿ ಕೇಳಿಲ್ಲ, ಅರ್ಧ ಕೇಳಿದೀನಿ. ಉಳಿದರ್ಧ ನಾನು ದುಡಿದು ಕಟ್ಟೋದು."

"ಮಿಕ್ಕತ್ತೆ," ಅಂದರು ಚಾಂದ್ ಪಾಷಾ, ಅಲ್ಲಿಯವರೆಗೂ ಸುಮ್ಮನಿದ್ದವರು. "ಲೆಕ್ಕ ನೋಡಿದೀನಿ. ಅದಲ್ಲ ನನ್ನ ಮಾತು. ಭಾಭಿ, ನನ್ನ ಮಗಳ ಅರ್ಜಿ ಒಂದೇ ದಿನ ಲೇಟು. ಮೂರ್ತಿ ಸಾಬ್ ಮುಟ್ಟಲೂ ಇಲ್ಲ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಬಾಗಿಲ ಹಿಂದೆ ಕಾಫಿ ಹಿಡ್ಕೊಂಡು ನಿಂತಿದ್ದೆ."

"ಆವಾಗ ನೀವೇನಂದ್ರಿ ಅವ್ರಿಗೆ?"

ಇಲ್ಲಿ ಒಂದು ಸಿಹಿ ಸುಳ್ಳು ಹೇಳಿದ್ದರೆ ಅವಳ ದಾರಿ ಸುಗಮವಾಗುತ್ತಿತ್ತು. ಹಾಗೆ ಮಾಡಬೇಡಿ ಅಂದೆ, ಅವರೇ ಕೇಳಲಿಲ್ಲ ಎಂದರೆ ಸಾಕಿತ್ತು. ಅವಳ ನಾಲಿಗೆಗೆ ಅದು ಬರಲಿಲ್ಲ. "ನೀವು ಮಾಡಿದ್ದು ಸರಿ ಅಂದೆ. ಆ ವರ್ಷ ಕೊನೆಯ ದಿನಕ್ಕೆ ಸರಿಯಾಗಿ ಕೊಟ್ಟ ಮಕ್ಕಳೂ ಇದ್ರಲ್ಲ. ಈಗ ನನ್ನ ಅರ್ಜಿ ಒಂದು ದಿನ ತಡ ಆಗಿದ್ರೂ ವಾಪಸ್ ಕೊಡಿ, ಮರುಮಾತಾಡದೆ ಎದ್ದುಹೋಗ್ತೀನಿ."

ಚಾಂದ್ ಪಾಷಾ ಅವಳನ್ನೇ ನೋಡಿದರು. ಕಟ್ಟಿದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. "ಸರಿ. ಹಾಗಾದ್ರೆ ನನ್ನದೊಂದು ಸಲಹೆ. ಕೊಡೋಣ. ಆದ್ರೆ ಭಾಭಿ ಇದಕ್ಕೆ ಬದಲಾಗಿ ಕಾಲೋನಿ ಮಕ್ಕಳಿಗೆ ಎರಡು ವರ್ಷ ಟ್ಯೂಷನ್ ಫ್ರೀ ಮಾಡ್ಲಿ. ಯಾರೂ ಬೆರಳು ತೋರ್ಸಲ್ಲ. ಮೂರ್ತಿ ಸಾಬ್ ಹೆಸರೂ ಉಳಿಯತ್ತೆ."

"ಛಲೋ ಆತು," ಅಂದರು ಭಗವಂತರಾಯರು, ಬಿಕ್ಕಟ್ಟು ಬಗೆಹರಿದ ಸಮಾಧಾನದಲ್ಲಿ. ಅಕ್ತರ್ ಬೇಗಂ ಕೂಡ ತಲೆಯಾಡಿಸಿದರು. ಎಲ್ಲರಿಗೂ ಒಪ್ಪುವಂಥ ಮಾತು ಅದು. ಹೂಂ ಅಂದರೆ ಚೆಕ್ಕು ಅವಳ ಕೈಯಲ್ಲಿ.

"ಇಲ್ಲ," ಅಂದಳು ಅಂಬುಜಾ.

ಮೂವರೂ ಅವಳ ಕಡೆ ತಿರುಗಿದರು.

"ಈಗ ಮೂರು ಮಕ್ಕಳು ಬಂದುಹೋದ್ರಲ್ಲ, ಅವ್ರಲ್ಲಿ ಯಾರಿಗಾದ್ರೂ ಹೀಗೆ ಹೇಳಿದ್ರಾ? ಆ ಮೆಡಿಕಲ್ ಸೇರೋ ಹುಡುಗಂಗೆ, ಓದಿ ಬಂದು ಎರಡು ವರ್ಷ ನಮಗೆಲ್ಲ ಪುಕ್ಕಟೆ ಔಷಧಿ ಕೊಡು ಅಂದ್ರಾ?"

"ಅವ್ರು ಮಕ್ಕಳು, ಭಾಭಿ."

"ನಾನು ವಿದ್ಯಾರ್ಥಿನಿ. ಅವ್ರು ಕೂತ ಕುರ್ಚಿಯಲ್ಲೇ ನಾನೂ ಕೂತಿರೋದು. ಅವ್ರಿಗೆ ಇಲ್ಲದ ಷರತ್ತು ನನಗೆ ಹಾಕಿದ್ರೆ, ಅದು ವಿದ್ಯಾನಿಧಿ ಆಗಲ್ಲ, ಮುಂಗಡ ಸಂಬಳ ಆಗುತ್ತೆ. ಆಮೇಲೆ ನನ್ನ ಟ್ಯೂಷನ್ ನಿಂತುಹೋದ್ರೆ ಉಳಿದರ್ಧ ಫೀಸು ಎಲ್ಲಿಂದ ತರ್ಲಿ?" ಅವಳು ದನಿ ಏರಿಸಿರಲಿಲ್ಲ. "ದುಡ್ಡಿಲ್ಲದ ಮಕ್ಕಳಿಗೆ ನಾನು ಈಗಲೂ ಸುಮ್ಮನೇ ಹೇಳ್ಕೊಡ್ತೀನಿ. ಅದನ್ನ ಇದಕ್ಕೆ ಗಂಟು ಹಾಕ್ಬೇಡಿ ಅಷ್ಟೇ. ನಿಯಮದ ಪ್ರಕಾರ ನಾನು ಅರ್ಹಳಾದ್ರೆ ಕೊಡಿ, ಇಲ್ಲಾಂದ್ರೆ ಇಲ್ಲ ಅನ್ನಿ. ಎರಡಕ್ಕೂ ನಾನು ಬೇಜಾರು ಮಾಡ್ಕೊಳಲ್ಲ."

ಕೊನೆಯ ಮಾತು ಅಷ್ಟೇನೂ ನಿಜವಲ್ಲ ಎಂದು ಅವಳಿಗೆ ಗೊತ್ತಿತ್ತು. ಇಲ್ಲ ಅಂದರೆ ಅವಳಿಗೆ ಬಹಳ ಬೇಜಾರಾಗುತ್ತಿತ್ತು. ಆದರೂ ಆ ಷರತ್ತಿಗೆ ಒಪ್ಪಿ ಬಂದಿದ್ದರೆ ಆಗುವ ಬೇಜಾರು ಅದಕ್ಕಿಂತ ದೊಡ್ಡದು ಎಂಬುದೂ ಅವಳಿಗೆ ಗೊತ್ತಿತ್ತು.

ಮೊದಲು ನಕ್ಕವರು ಅಕ್ತರ್ ಬೇಗಂ. "ಚಾಂದ್ ಭಾಯ್, ಅವ್ರು ಹೇಳೋದು ಸರಿ ಇದೆ. ನಾನು ನರ್ಸಿಂಗ್ ಓದುವಾಗ ನನಗೂ ಹೀಗೇ ಒಂದು ಟ್ರಸ್ಟಿನವ್ರು ದುಡ್ಡು ಕೊಟ್ಟಿದ್ರು. ಆಮೇಲೆ ಅವ್ರ ಮನೆಯಲ್ಲಿ ಯಾರಿಗೆ ಜ್ವರ ಬಂದ್ರೂ ನನಗೇ ಕರೆ."

"ನಾ ಏನಂತೀನಂದ್ರ," ಎಂದು ಭಗವಂತರಾಯರು ಶುರು ಮಾಡಿ, ನಿಯಮದ ಹಾಳೆಯನ್ನು ಇನ್ನೊಮ್ಮೆ ದೂರ ಹಿಡಿದು ಓದಿದರು. "ವಯಸ್ಸಿನ ಮಾತು ಇದರಾಗ ಎಲ್ಲೂ ಇಲ್ಲ. ಷರತ್ತಿನ ಮಾತೂ ಇಲ್ಲ. ಚಾಂದ್ ಪಾಷಾ, ನೀವು ಹೂಂ ಅಂದ್ರ ಮಾತ್ರ ಮುಗಿಸೂಣು. ನೀವು ಒಲ್ಲೆ ಅಂದ್ರ ನಾ ಸಹಿ ಮಾಡಂಗಿಲ್ಲ."

ಚಾಂದ್ ಪಾಷಾ ಗಡ್ಡ ಸವರಿಕೊಂಡರು. "ಎರಡು ವರ್ಷದಿಂದ ನಾನು ಕಾಯ್ತಾ ಇದ್ದೆ, ಮೂರ್ತಿ ಸಾಬ್ ತನ್ನವ್ರಿಗೆ ಎಲ್ಲಿ ಸಡಿಲ ಬಿಡ್ತಾರೆ ನೋಡೋಣ ಅಂತ. ಅವ್ರು ಎದ್ದು ಪಾರ್ಕಿಗೆ ಹೋಗ್ಬಿಟ್ರು. ಇವ್ರು ಅವ್ರಿಗಿಂತ ಗಟ್ಟಿ." ಪೆನ್ನು ಎಳೆದುಕೊಂಡು ಮೊದಲ ಸಹಿ ಅವರೇ ಹಾಕಿದರು.

ಮೂರ್ತಿ ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತಿದ್ದರು. ಅಂಬುಜಾ ಬಂದು ಪಕ್ಕ ಕೂತು, ಆಯ್ತು ಅಂದಳು. ಷರತ್ತಿನ ಮಾತನ್ನೂ ಹೇಳಿದಳು.

"ಜನ ಏನಂತಾರೋ ಅಂದೆನಲ್ಲ ಆವತ್ತು," ಎಂದರು ಆಮೇಲೆ, ಎದುರಿನ ಜಾರುಬಂಡೆಯ ಕಡೆ ನೋಡುತ್ತಾ. "ಅದು ಅರ್ಧ. ಉಳಿದರ್ಧ ಹೇಳಲಿಲ್ಲ. ನಿನ್ನ ಫೀಸು ನಾನು ಕಟ್ಟಬೇಕಿತ್ತು. ಇಪ್ಪತ್ತು ವರ್ಷದ ಹಿಂದೆನೇ ಕಟ್ಟಬೇಕಿತ್ತು. ನನ್ನ ಕೈಯಲ್ಲಿ ಆಗ್ದೇ ಇದ್ದದ್ದನ್ನ ನೀನು ಹೋಗಿ ಊರೋರ ಹತ್ರ ಕೇಳ್ತೀಯ ಅಂತ ಚುಚ್ಚಿತು."

ಅಂಬುಜಾಗೆ ಗಂಡನ ಮೇಲೆ ಎರಡು ವಾರದಿಂದ ಇದ್ದ ಸಿಟ್ಟು ಅಲ್ಲೇ ಕರಗಿತು. "ನೀವು ಕಟ್ಟಿದ್ರೆ ಖಂಡಿತ ಸಂತೋಷ ಆಗ್ತಿತ್ತು ಕಣ್ರೀ," ಅಂದಳು. "ಆದ್ರೆ ಇದೂ ಚೆನ್ನಾಗಿದೆ. ಒಳಗೆ ಕೂತು ಕೇಳಿ ತಗೊಂಡಾಗ, ಇದು ನನ್ನ ಕಾಲೇಜು ಅನ್ನಿಸ್ತು." ಇಬ್ಬರೂ ಎದ್ದು ಮನೆಗೆ ನಡೆದರು. ದಾರಿಯಲ್ಲಿ ಮೂರ್ತಿ ಕೊತ್ತಂಬರಿ ಸೊಪ್ಪು ಕೊಂಡರು, ಕೇಳದೆಯೇ.

ಚೆಕ್ಕು ಕಾಲೇಜಿನ ಹೆಸರಿಗೇ ಬಂತು. ಅದನ್ನು ಹಿಡಿದು ಅಂಬುಜಾ ಹಲಸೂರಿಗೆ ಹೋದಳು. ಫೀಸಿನ ಕಿಟಕಿಯಲ್ಲಿದ್ದ ಗುಮಾಸ್ತ ಅಜ್ಮತ್ ಅರ್ಜಿಯನ್ನು ತಿರುವಿ ನೋಡಿ ವಾಪಸ್ ತಳ್ಳಿದ.

"ಮೇಡಂ, ಎರಡು ವಿಷಯ. ಇದು ಅರ್ಧ ದುಡ್ಡು, ಪೂರ್ತಿ ಕಟ್ಟಬೇಕು. ಆಮೇಲೆ ಪೋಷಕರ ಸಹಿ ಖಾಲಿ ಇದೆ. ತಂದೇನೋ ಗಂಡಾನೋ ಹಾಕ್ಬೇಕು."

"ನಮ್ಮ ತಂದೆ ಇಲ್ಲಪ್ಪ. ಗಂಡ ಆಫೀಸಲ್ಲಿದಾರೆ. ನನಗೆ ನಲವತ್ತೊಂದು ವಯಸ್ಸು, ಹೋದ ಏಪ್ರಿಲ್‌ವರೆಗೂ ನೂರಿಪ್ಪತ್ತು ಮಕ್ಕಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿದವಳು. ನನ್ನ ಪೋಷಕಿ ನಾನೇ, ಹಾಕ್ತೀನಿ." ಅಲ್ಲೇ ಸಹಿ ಹಾಕಿದಳು. ಅಜ್ಮತ್ ನಗು ತಡೆದುಕೊಂಡು, "ಇದು ಓಕೆ ಮೇಡಂ. ದುಡ್ಡಿನ ವಿಷಯ ಮಾತ್ರ ಪ್ರಿನ್ಸಿಪಾಲ್ ಹತ್ರಾನೇ ಆಗ್ಬೇಕು," ಅಂದ.

ಪ್ರಿನ್ಸಿಪಾಲರು ಅಂಬುಜಾಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಮಗಳ ಅಡ್ಮಿಷನ್ನಿಗೆ ಬಂದಿದ್ದಾರೆಂದು ತಿಳಿದು ಕೂರಿಸಿದರು. ನಿಜ ಗೊತ್ತಾದ ಮೇಲೆ ಮಾತಿನ ಧಾಟಿ ಬದಲಾಯಿತು, ಮರ್ಯಾದೆ ಬದಲಾಗಲಿಲ್ಲ.

"ಕಂತಿನಲ್ಲಿ ತಗೊಳೋ ಪದ್ಧತಿ ನಮ್ಮಲ್ಲಿಲ್ಲ. ನಿಮಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಕೇಳಲಿ ಮೇಡಂ. ಕೇಳಿದವ್ರೆಲ್ಲ ಕಟ್ಟೋದಾದ್ರೆ ಕಾಲೇಜಿಗೆ ಏನು ನಷ್ಟ? ಈಗ ಅರ್ಧ ಕೊಡ್ತಿದೀನಿ. ಉಳಿದದ್ದು ದೀಪಾವಳಿ ಮುಗಿದ ವಾರ. ಬರವಣಿಗೆಯಲ್ಲಿ ಬೇಕಾದ್ರೆ ಕೊಡ್ತೀನಿ."

"ಕಟ್ಟದೇ ಹೋದ್ರೆ?"

"ಹಾಲ್ ಟಿಕೆಟ್ ತಡೀರಿ. ಪರೀಕ್ಷೆ ಬರೆಯೋಕಂತಲೇ ಇಷ್ಟು ದೂರ ಬಂದವಳು ನಾನು. ಅದನ್ನ ನಿಮ್ಮ ಕೈಯಲ್ಲಿ ಅಡವಿಟ್ಟ ಹಾಗೆ."

ಪ್ರಿನ್ಸಿಪಾಲರು ಅವಳ ಅಂಕಪಟ್ಟಿಯನ್ನು ಮತ್ತೊಮ್ಮೆ ನೋಡಿ, ಅರ್ಜಿಯ ಮೂಲೆಯಲ್ಲಿ 'ಎರಡು ಕಂತು' ಎಂದು ಬರೆದು ಸಹಿ ಮಾಡಿದರು. ಎದ್ದು ಹೊರಟವಳನ್ನು ತಡೆದು, "ನಮ್ಮಲ್ಲಿ ಸೀರೆ ಯೂನಿಫಾರ್ಮ್ ಇದೆ, ಗೊತ್ತಲ್ವಾ? ನೀಲಿ ಬಾರ್ಡರು," ಅಂದರು.

ಜುಲೈನಲ್ಲಿ ತರಗತಿ ಶುರುವಾಯಿತು. ಬೆಂಚಿನ ಒಂದು ಕಡೆ ತಮಿಳು ಮಾತಾಡುವ ಹುಡುಗಿ, ಇನ್ನೊಂದು ಕಡೆ ಫ್ರೇಜರ್ ಟೌನಿನಿಂದ ಬರುತ್ತಿದ್ದ ಹುಡುಗಿ, ನಡುವೆ ಅಂಬುಜಾ. ಮೊದಲ ವಾರ ಅವರು ಆಂಟಿ ಅಂದರು, ಎರಡನೇ ವಾರ ಅಕ್ಕ ಅಂದರು, ಮನಶ್ಶಾಸ್ತ್ರದ ಮೊದಲ ಟೆಸ್ಟಿನ ಅಂಕ ಬಂದ ಮೇಲೆ ನೋಟ್ಸ್ ಕೇಳಿದರು. ಅಂಬುಜಾಗೆ ಎಲ್ಲವೂ ಹಗುರವಾಗಿತ್ತೆಂದಲ್ಲ. ಕೂತು ಪಾಠ ಕೇಳುವ ಅಭ್ಯಾಸ ತಪ್ಪಿಹೋಗಿತ್ತು, ಉಪನ್ಯಾಸಕರು ತಪ್ಪು ಉದಾಹರಣೆ ಕೊಟ್ಟರೆ ಎದ್ದು ಬೋರ್ಡಿಗೆ ಹೋಗಬೇಕೆನಿಸುತ್ತಿತ್ತು.

ನಿಜವಾದ ಇಕ್ಕಟ್ಟು ಬಂದದ್ದು ಸೆಪ್ಟೆಂಬರಿನಲ್ಲಿ. ಪಾಠಯೋಜನೆ ಬರೆಯುವುದು, ಚಾರ್ಟು ಮಾಡುವುದು, ಶಿವಾಜಿನಗರದ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ, ಇವೆಲ್ಲ ಒಟ್ಟಿಗೆ ಬಿದ್ದವು. ಮನೆಗೆ ಬರುವಷ್ಟರಲ್ಲಿ ಟ್ಯೂಷನ್ ಮಕ್ಕಳು ಕಾದು ಕಾದು ಎದ್ದು ಹೋಗಿರುತ್ತಿದ್ದರು. ಎರಡು ಮನೆಯವರು ಮಕ್ಕಳನ್ನು ಬೇರೆ ಕಡೆ ಹಾಕಿದರು. ಹೀಗೇ ಆದರೆ ಎರಡನೇ ಕಂತು ಕೈಗೆ ಬರುವಂತಿರಲಿಲ್ಲ. ಅಂಬುಜಾ ಇದನ್ನು ಯಾರಿಗೂ ಹೇಳಲಿಲ್ಲ. ಚಿಕ್ಕ ಮಕ್ಕಳ ಬ್ಯಾಚು ನಿಲ್ಲಿಸಿ ದೊಡ್ಡವರನ್ನು ಮಾತ್ರ ಇಟ್ಟುಕೊಂಡರೆ ಹೇಗೆ ಎಂದು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ನೋಡುತ್ತಿದ್ದಳು.

ಒಂದು ಸಂಜೆ ಅವಳು ಬಸ್ಸಿಳಿದು ಮನೆಗೆ ಬಂದರೆ, ಹಜಾರದಲ್ಲಿ ಚಾಪೆ ಹಾಸಿತ್ತು. ಐದನೇ ಆರನೇ ಕ್ಲಾಸಿನ ಮಕ್ಕಳು ಸಾಲಾಗಿ ಕೂತಿದ್ದರು. ಎದುರಿಗೆ ಮೂರ್ತಿ, ಆಫೀಸಿನ ಪ್ಯಾಂಟಿನಲ್ಲೇ, ಸರಳ ಬಡ್ಡಿಯ ಲೆಕ್ಕ ಹೇಳುತ್ತಿದ್ದರು.

"ನಾನೇ ಅಪ್ಪಂಗೆ ಹೇಳಿದ್ದು," ಅಂದಳು ಮಧುರಾ ಅಡುಗೆಮನೆಯಲ್ಲಿ ಕುಕ್ಕರ್ ಇಡುತ್ತಾ. "ನೀನು ಬರೋವರೆಗೂ ಚಿಕ್ಕವ್ರನ್ನ ಅಪ್ಪ ನೋಡ್ಕೊಳ್ಳಲಿ, ಅಡುಗೆ ನಾನು ನೋಡ್ಕೋತೀನಿ. ಅಪ್ಪ ಒಂದು ಮಾತೂ ಆಡ್ದೆ ಚಾಪೆ ತಗೊಂಡ್ರು."

ಮೂರ್ತಿ ಮೇಷ್ಟರಾಗಿ ಒಳ್ಳೆಯವರೇ ಆಗಿಬಿಟ್ಟರು, ಒಂದು ದೋಷ ಬಿಟ್ಟರೆ. ಐದು ನಿಮಿಷ ತಡವಾಗಿ ಬಂದ ಮಕ್ಕಳನ್ನು ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು. ಅಂಬುಜಾ ಬಂದವಳು ಅವರ ಕೈಹಿಡಿದು ಒಳಗೆ ಕರೆತರುತ್ತಿದ್ದಳು. "ಇದು ಟ್ಯೂಷನ್ನು ಕಣ್ರೀ, ವಿದ್ಯಾನಿಧಿ ಅಲ್ಲ," ಅನ್ನುತ್ತಿದ್ದಳು. ಬಿಟ್ಟುಹೋದ ಎರಡು ಮನೆಯ ಮಕ್ಕಳು ದಸರಾ ರಜೆ ಮುಗಿದ ಮೇಲೆ ವಾಪಸ್ ಬಂದರು.

ದೀಪಾವಳಿ ಕಳೆದ ವಾರ ಅವಳು ಎರಡನೇ ಕಂತು ಕಟ್ಟಿದಳು. ಅಜ್ಮತ್ ರಸೀದಿ ಹರಿದುಕೊಡುತ್ತಾ, "ಮೇಡಂ, ನಿಮ್ಮ ನಂತರ ಏಳೆಂಟು ಜನ ಕಂತು ಕೇಳಿದ್ರು. ಪ್ರಿನ್ಸಿಪಾಲರು ಎಲ್ಲರಿಗೂ ಮಾಡಿಕೊಟ್ರು. ನನಗೆ ಕೆಲಸ ಡಬಲ್ಲು," ಎಂದು ದೂರಿದ. ಅಂಬುಜಾ ಹಲಸೂರು ಕೆರೆಯ ದಂಡೆಯಲ್ಲಿ ನಡೆದು, ಯಾವತ್ತೂ ಮಾಡದವಳು ಆ ದಿನ ಒಬ್ಬಳೇ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ಆಮೇಲೆ ಬಸ್ಸು ಹಿಡಿದಳು.

ಮರುವರ್ಷದ ಮೇ ಕೊನೆಯಲ್ಲಿ ಫಲಿತಾಂಶ ಬಂತು. ಮೊದಲ ದರ್ಜೆ. ಹಳೆಯ ಶಾಲೆಯ ಹೆಡ್‌ಮಿಸ್ಟ್ರೆಸ್ ಅಂಕಪಟ್ಟಿ ನೋಡಿ ಖುಷಿಪಟ್ಟರು. "ಹೇಳಿದ ಹಾಗೆ ಪರ್ಮನೆಂಟ್. ಹೊಸದಾಗಿ ಸೇರೋವ್ರ ಸ್ಕೇಲ್ ಕೊಡ್ತೀವಿ," ಅಂದರು.

"ಹೊಸದಾಗಿ ಸೇರ್ತಿಲ್ವಲ್ಲ ಮೇಡಂ," ಅಂದಳು ಅಂಬುಜಾ. "ಒಂಬತ್ತು ವರ್ಷ ಪಾಠ ಮಾಡಿದೀನಿ ಇಲ್ಲಿ. ಎಲ್ಲಾ ಬೇಡ, ಅರ್ಧ ವರ್ಷಗಳನ್ನಾದ್ರೂ ಇನ್‌ಕ್ರಿಮೆಂಟಿಗೆ ಸೇರಿಸಿ. ಸಿ.ವಿ. ರಾಮನ್ ನಗರದಲ್ಲಿ ಒಂದು ಹೊಸ ಶಾಲೆ ಗುರುವಾರ ಬನ್ನಿ ಅಂದಿದೆ. ನನಗೆ ಇಲ್ಲಿಯೇ ಇಷ್ಟ. ಅದಕ್ಕೇ ಮೊದಲು ಇಲ್ಲಿಗೆ ಬಂದೆ."

ಮ್ಯಾನೇಜ್‌ಮೆಂಟ್ ಹತ್ತಿರ ಕೇಳಿ ಹೇಳುತ್ತೇನೆಂದರು ಹೆಡ್‌ಮಿಸ್ಟ್ರೆಸ್. ಬುಧವಾರ ಸಂಜೆ ಮನೆಗೆ ಫೋನ್ ಬಂತು. ನಾಲ್ಕು ವರ್ಷ ಸೇರಿಸಿದ್ದರು. ಅಂಬುಜಾ ಫೋನ್ ಇಟ್ಟು, ಗಂಡ ಮತ್ತು ಮಗಳು ತನ್ನ ಮುಖವನ್ನೇ ನೋಡುತ್ತಿರುವುದನ್ನು ಕಂಡು, "ನಾಲ್ಕೂವರೆ ಕೇಳಿದ್ದೆ, ನಾಲ್ಕು ಕೊಟ್ರು," ಅಂದಳು. "ಪರವಾಗಿಲ್ಲ, ಒಪ್ಕೊಂಡೆ."

ಸೋಮವಾರ ಬೆಳಿಗ್ಗೆ ಅವಳಿಗೆ ಹತ್ತನೇ ಕ್ಲಾಸು ಕೊಟ್ಟಿದ್ದರು. ಎಂಟನೆಯದರಲ್ಲಿ ಅವಳ ಬಳಿಯೇ ಕಲಿತು, ಹೋದ ವರ್ಷ ಬೇರೆ ಟೀಚರ ಕೈಯಲ್ಲಿ ಒಂಬತ್ತನೆಯದು ಮುಗಿಸಿ ಬಂದ ಮಕ್ಕಳು. ಮಿಸ್ ಒಳಗೆ ಬರುತ್ತಲೇ ಗದ್ದಲವೆದ್ದಿತು, ಎಲ್ಲಿ ಹೋಗಿದ್ರಿ ಮಿಸ್ ಎಂದು ನಾಲ್ಕು ಕಡೆಯಿಂದ ಕೇಳಿದರು.

"ಕಾಲೇಜಿಗೆ," ಅಂದಳು ಅಂಬುಜಾ. "ಬೀಜಗಣಿತ ಎಲ್ಲಿವರೆಗೆ ಆಗಿದೆ? ಯಾರಾದ್ರೂ ಒಬ್ರು ಬಂದು ಬೋರ್ಡ್ ಮೇಲೆ ತೋರ್ಸಿ."